ಮನೆ ಓಣಿಯಲ್ಲಿ, ಚುಕ್ಕಿ ಕೆರೆಯಲ್ಲಿ: ವಿಳಾಸದ ಪಟ್ಟಿಯನ್ನು ನಕ್ಷೆಯ ಮೇಲೆ ಸರಿಪಡಿಸುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ. ಕಲಬುರಗಿ ಬಿಸಿಲು ಹೇಳಬೇಕಾಗಿಲ್ಲ. ನಮ್ಮ ತಂಡದ ನರ್ಸ್ ಸ್ಕೂಟಿ ಮೇಲೆ ಅಪ್ಪನ ಕೆರೆಗೆ ಎರಡು ಸುತ್ತು ಹಾಕಿ ನನಗೆ ಫೋನ್ ಮಾಡಿದರು. "ಸರ್, ಮ್ಯಾಪ್ ಕೆರಿ ನಡುವ ತೋರ್ಸಾಕತ್ತದ್ರಿ. ಮನಿ ಎಲ್ಲಿ ಅದರಿ?"

ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ, ಬಿಪಿ ನೋಡುವ ಚಿಕ್ಕ ತಂಡ ನಮ್ಮದು. ವಿಳಾಸಗಳ ಪಟ್ಟಿ ಇಡುವುದು ನನ್ನ ಕೆಲಸ. ಆ ಮನೆಯ ಆಯಿ ಬೆಳಗ್ಗೆಯಿಂದ ಕಾಯುತ್ತಿದ್ದರು. ನರ್ಸ್ ಮುಟ್ಟಿದಾಗ ಹೊತ್ತು ಮೂರು ಗಂಟೆ. ಅವತ್ತು ರಾತ್ರಿ ಪಟ್ಟಿ ತೆಗೆದು ನೋಡಿದೆ. ವಿಳಾಸದಲ್ಲಿ "ಅಪ್ಪನ ಕೆರೆ ಹತ್ತಿರ" ಅಂತ ಇತ್ತು. ವಿಳಾಸ ಕೊಟ್ಟರೆ ಅಕ್ಷಾಂಶ, ರೇಖಾಂಶ ಕೊಡುವ ಒಂದು ವೆಬ್ ಪುಟಕ್ಕೆ ಇಡೀ ಪಟ್ಟಿಯನ್ನು ಒಂದೇ ಸಲ ಹಾಕಿದ್ದೆವು. ಅದಕ್ಕೆ ಮನೆ ನಂಬರ್ ಗೊತ್ತಿಲ್ಲ, ಓಣಿ ಗೊತ್ತಿಲ್ಲ, ಕೆರೆ ಮಾತ್ರ ಗೊತ್ತು. ಹಾಗಾಗಿ ಕೆರೆಯ ನಟ್ಟನಡುವೆ ಒಂದು ಚುಕ್ಕಿ ಇಟ್ಟು ಮುಗಿಸಿತ್ತು.

ನಮ್ಮ ಕಡೆ ವಿಳಾಸಗಳೇ ಹಾಗೆ, ಅಲ್ವಾ? ಗುಡಿ ಹಿಂದೆ, ದರ್ಗಾ ಎದುರು, ಮಿಲ್ ಹತ್ತಿರ. ಪೋಸ್ಟ್‌ಮನ್‌ಗೆ ಅರ್ಥವಾಗುತ್ತದೆ. ಕಂಪ್ಯೂಟರಿಗೆ ಆಗುವುದಿಲ್ಲ. ಶಾಲೆ, ಹಾಲಿನ ಡೇರಿ, ಕೊರಿಯರ್, ಔಷಧಿ ಅಂಗಡಿ, ಸಂಘದ ಸದಸ್ಯರ ಪಟ್ಟಿ, ಯಾವುದೇ ಇರಲಿ, ಇಂಥ ತಪ್ಪು ಚುಕ್ಕಿಗಳು ಇದ್ದೇ ಇರುತ್ತವೆ. ಅವನ್ನು ಸರಿಪಡಿಸಲು ದುಡ್ಡು ಬೇಕಿಲ್ಲ. ಒಂದು ಕಂಪ್ಯೂಟರ್, ಇಂಟರ್ನೆಟ್ ಮತ್ತು ತಾಳ್ಮೆ ಬೇಕು.

ಮೊದಲು ಪಟ್ಟಿಯ ನಕಲು ಮಾಡಿ

ಮೂಲ ಫೈಲನ್ನು ಮುಟ್ಟಬೇಡಿ. ನಕಲು ಮಾಡಿಕೊಂಡು, ಹೆಸರಿನ ಕೊನೆಗೆ ಇವತ್ತಿನ ತಾರೀಖು ಹಾಕಿ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಕೊಡಿ. ಕೊನೆಗೆ ಸರಿಪಡಿಸಿದ ಸಂಖ್ಯೆಗಳನ್ನು ಮೂಲ ಪಟ್ಟಿಗೆ ಜೋಡಿಸುವಾಗ ಈ ಕ್ರಮಸಂಖ್ಯೆಯೇ ಆಧಾರ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಕ್ಷೆಗೆ ಹಾಕುವ ಫೈಲಿನಲ್ಲಿ ಜನರ ಹೆಸರು, ಫೋನ್ ನಂಬರ್, ಕಾಯಿಲೆ ಏನೂ ಇರಬಾರದು. ಕ್ರಮಸಂಖ್ಯೆ, ಅಕ್ಷಾಂಶ, ರೇಖಾಂಶ ಇದ್ದರೆ ಸಾಕು. ಒಬ್ಬ ಮುತ್ಯಾ ಮನೆಯಲ್ಲಿ ಒಬ್ಬರೇ ಇರುತ್ತಾರೆ ಅನ್ನುವುದು ಊರಿಗೆಲ್ಲ ಕಾಣುವ ನಕ್ಷೆಯ ಮೇಲೆ ಬರಬಾರದು.

ಇನ್ನೊಂದು ಅಪಾಯ ನಮ್ಮ ಮನೆ ನಂಬರುಗಳದ್ದು. ಇಲ್ಲಿ ಹಳೆಯ ನಂಬರುಗಳು 5-12 ಥರ ನಡುವೆ ಅಡ್ಡಗೆರೆ ಇರುವಂಥವು. ಎಕ್ಸೆಲ್‌ನಲ್ಲಿ ಅದನ್ನು ಹಾಗೇ ಟೈಪ್ ಮಾಡಿದರೆ ತಾರೀಖು ಅಂದುಕೊಂಡು ಬದಲಾಯಿಸಿಬಿಡುತ್ತದೆ. ಒಮ್ಮೆ ಬದಲಾದರೆ ಹಳೆಯದು ವಾಪಸ್ ಬರುವುದು ಕಷ್ಟ. ಆ ಕಾಲಮ್ಮನ್ನು ಮೊದಲೇ "ಟೆಕ್ಸ್ಟ್" ಅಂತ ಮಾಡಿ, ಆಮೇಲೆ ನಂಬರ್ ತುಂಬಿ.

ಅನುಮಾನದ ಸಾಲುಗಳನ್ನು ಹುಡುಕುವುದು

ಎಲ್ಲ ಸಾಲುಗಳನ್ನೂ ಒಂದೊಂದಾಗಿ ನೋಡುತ್ತಾ ಕೂತರೆ ವಾರ ಸಾಲದು. ಹಾಳೆಯಲ್ಲೇ ಅರ್ಧ ತಪ್ಪು ಸಿಗುತ್ತವೆ.

ಅಕ್ಷಾಂಶದ ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕಲಬುರಗಿ ನಗರದ ವಿಳಾಸವಾದರೆ ಅಕ್ಷಾಂಶ 17.3, ರೇಖಾಂಶ 76.8ರ ಆಸುಪಾಸು ಇರಬೇಕು. ಬೀದರ್ ಆದರೆ 17.9 ಮತ್ತು 77.5. ಯಾದಗಿರಿ ಆದರೆ 16.8 ಮತ್ತು 77.1. ಇದರಿಂದ ದೂರ ಇರುವ ಸಾಲು ಕೂಡಲೇ ಕಣ್ಣಿಗೆ ಬೀಳುತ್ತದೆ. ಅಕ್ಷಾಂಶದ ಜಾಗದಲ್ಲಿ 76 ಇದ್ದರೆ ಎರಡೂ ಅದಲುಬದಲಾಗಿವೆ ಅಂತ ಅರ್ಥ. ಆ ಚುಕ್ಕಿ ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂತಿರುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಮುಗಿಯಿತು.

ಊರಿನ ಹೆಸರಿನ ತಪ್ಪು ಸ್ವಲ್ಪ ಬೇರೆ ಥರ. ನಮ್ಮ ಕಮಲಾಪುರ ಕಲಬುರಗಿ ಜಿಲ್ಲೆಯ ತಾಲೂಕು, ಕೆಂಪು ಬಾಳೆಗೆ ಹೆಸರಾದ ಊರು. ಹಂಪಿ ಪಕ್ಕದಲ್ಲೂ ಒಂದು ಕಮಲಾಪುರ ಇದೆ. ಜಿಲ್ಲೆಯ ಹೆಸರು ಬರೆಯದೆ ಹುಡುಕಿದರೆ ಚುಕ್ಕಿ ಅಲ್ಲಿಗೆ ಹೋಗಬಹುದು. ನೇರ ಗೆರೆಯಲ್ಲೇ 250 ಕಿಲೋಮೀಟರಿಗೂ ಜಾಸ್ತಿ ದೂರ! ಹಳೆಯ ಪಟ್ಟಿಗಳಲ್ಲಿ "ಗುಲ್ಬರ್ಗಾ" ಅಂತಲೂ ಇರುತ್ತದೆ. 2014ರ ನವೆಂಬರ್ 1ರಿಂದ ಹೆಸರು ಕಲಬುರಗಿ ಆಗಿದೆ. ಹುಡುಕುವ ಮೊದಲು ಎಲ್ಲ ಸಾಲಿನಲ್ಲೂ ಒಂದೇ ಹೆಸರು ಮಾಡಿಕೊಳ್ಳಿ. ಪಿನ್‌ಕೋಡ್ ಇದೆಯಲ್ಲ ಅನ್ನಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಪಿನ್ 585ರಿಂದಲೇ ಶುರು. ಕೊನೆಯ ಮೂರು ಅಂಕೆಯಲ್ಲಿ ಒಂದು ತಪ್ಪಿದರೂ ಬೇರೆ ಊರು.

ಜಾಸ್ತಿ ಮೋಸ ಮಾಡುವುದು ಒಂದೇ ಸಂಖ್ಯೆ ಹತ್ತಾರು ಸಾಲುಗಳಲ್ಲಿ ಬರುವುದು. ವಿಳಾಸ ಸಿಗದೇ ಹೋದಾಗ ಕೆಲವು ಸಾಧನಗಳು ಸುಮ್ಮನಿರುವುದಿಲ್ಲ. ಊರಿನ ಅಥವಾ ಪಿನ್‌ಕೋಡ್ ಪ್ರದೇಶದ ಮಧ್ಯದ ಒಂದು ಬಿಂದುವನ್ನು ಕೊಟ್ಟುಬಿಡುತ್ತವೆ. ನೋಡಲು ಸಂಖ್ಯೆ ಸರಿಯಾಗೇ ಇರುತ್ತದೆ, ಊರೂ ಸರಿ. ಆದರೆ ಹನ್ನೊಂದು ಮನೆಗಳು ಒಂದೇ ಜಾಗದಲ್ಲಿ ಇರಲು ಸಾಧ್ಯವಾ? ಅಪಾರ್ಟ್‌ಮೆಂಟ್ ಬಿಟ್ಟರೆ ಇಲ್ಲ. ಜೋಡಿಸಿದ ಪಟ್ಟಿಯಲ್ಲಿ ಇಂಥವು ಗುಂಪಾಗಿ ನಿಂತಿರುತ್ತವೆ. ಎಲ್ಲವನ್ನೂ ಅನುಮಾನಕ್ಕೆ ಸೇರಿಸಿ.

ದಶಾಂಶದ ನಂತರ ಎಷ್ಟು ಅಂಕೆ ಇದೆ ಅಂತಲೂ ನೋಡಿ. ಎರಡೇ ಅಂಕೆ ಇದ್ದರೆ ಚುಕ್ಕಿ ಒಂದು ಕಿಲೋಮೀಟರ್‌ವರೆಗೆ ಆಚೀಚೆ ಆಗಬಹುದು. ಮೂರು ಇದ್ದರೆ ಸುಮಾರು ನೂರು ಮೀಟರ್. ಮನೆಗೆ ಐದು ಅಂಕೆ ಬೇಕು, ಅದು ಸುಮಾರು ಒಂದು ಮೀಟರ್ ಲೆಕ್ಕ. ಯಾರಾದರೂ 17 ಡಿಗ್ರಿ 20 ಮಿನಿಟ್ ಅಂತ ಕೊಟ್ಟಿದ್ದನ್ನು 17.20 ಅಂತ ತುಂಬಿದ್ದರೆ ಅದೂ ತಪ್ಪು. ಮಿನಿಟನ್ನು 60ರಿಂದ ಭಾಗಿಸಬೇಕು, 17.3333 ಆಗಬೇಕು. ಇಲ್ಲದಿದ್ದರೆ ಚುಕ್ಕಿ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ, ಫರಹತಾಬಾದ್ ಕಡೆ ಜಾರುತ್ತದೆ.

ನಕ್ಷೆಯ ಮೇಲೆ ಚುಕ್ಕಿಗಳನ್ನು ತರುವುದು

ನಾನು ಬಳಸುವುದು ಯುಮ್ಯಾಪ್. 2004ರಲ್ಲಿ ಶುರುವಾದ, ಸ್ವಯಂಸೇವಕರೇ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ನಮ್ಮ ಚುಕ್ಕಿಗಳನ್ನು ಇಟ್ಟುಕೊಳ್ಳಲು ಕೊಡುವ ಉಚಿತ ಸಾಧನ ಅದು. ಬ್ರೌಸರ್‌ನಲ್ಲೇ ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ಮಾಡಿಕೊಂಡು ಲಾಗಿನ್ ಆಗಿ. ಹೊಸ ನಕ್ಷೆ ತೆರೆದ ಕೂಡಲೇ ಅನುಮತಿಗಳ ಪುಟಕ್ಕೆ ಹೋಗಿ, ನಕ್ಷೆ ಯಾರಿಗೆ ಕಾಣಬೇಕು ಅನ್ನುವುದನ್ನು ಸಂಪಾದಕರಿಗೆ ಮಾತ್ರ ಅಂತ ಮಾಡಿ.

ಅನುಮಾನದ ಸಾಲುಗಳನ್ನು ಸಿಎಸ್‌ವಿ ಫೈಲಾಗಿ, ಅಂದರೆ ಕಾಲಮ್ಮುಗಳನ್ನು ಅಲ್ಪವಿರಾಮದಿಂದ ಬೇರೆ ಮಾಡಿಡುವ ಸರಳ ಫೈಲಾಗಿ ಉಳಿಸಿ. ಅಕ್ಷಾಂಶದ ಕಾಲಮ್ಮಿಗೆ ಲ್ಯಾಟ್ (lat), ರೇಖಾಂಶದ ಕಾಲಮ್ಮಿಗೆ ಲಾನ್ (lon) ಅಂತ ಇಂಗ್ಲಿಷಿನಲ್ಲಿ ಮೂರು ಮೂರು ಅಕ್ಷರದ ತಲೆಬರಹ ಇರಲಿ. ಕ್ರಮಸಂಖ್ಯೆಯ ಕಾಲಮ್ಮಿಗೆ ನೇಮ್ (name) ಅಂತ ಕೊಟ್ಟರೆ ಚುಕ್ಕಿ ಒತ್ತಿದಾಗ ಅದೇ ಕಾಣುತ್ತದೆ. ಕನ್ನಡದಲ್ಲಿ ಏನಾದರೂ ಬರೆದಿದ್ದರೆ ಉಳಿಸುವಾಗ ಯುಟಿಎಫ್-8 ಆಯ್ಕೆ ಮಾಡಿ. ಇಲ್ಲದಿದ್ದರೆ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಆಮೇಲೆ ಇಂಪೋರ್ಟ್ ಒತ್ತಿ, ಫೈಲ್ ಆರಿಸಿ. ಚುಕ್ಕಿಗಳು ನಕ್ಷೆಯ ಮೇಲೆ ಬಂದು ನಿಲ್ಲುತ್ತವೆ.

ಎಳೆದು ಕೂರಿಸುವುದು

ಎಡಿಟ್ ಸ್ಥಿತಿಯಲ್ಲಿ ಚುಕ್ಕಿಯನ್ನು ಮೌಸಿನಿಂದ ಹಿಡಿದು ಎಳೆಯಬಹುದು. ಎಳೆಯುವುದು ಸುಲಭ. ಎಲ್ಲಿ ಬಿಡಬೇಕು ಅನ್ನುವುದೇ ಪ್ರಶ್ನೆ.

ಮನೆಯ ನಡುಮಧ್ಯೆ ಬಿಡಬೇಡಿ. ಗೇಟಿನ ಮುಂದೆ ಬಿಡಿ. ದಾರಿ ತೋರಿಸುವ ಆ್ಯಪ್‌ಗಳು ಚುಕ್ಕಿಗೆ ಹತ್ತಿರವಿರುವ ರಸ್ತೆಗೆ ಗಾಡಿಯನ್ನು ಕರೆದೊಯ್ಯುತ್ತವೆ. ಮನೆಯ ಹಿಂಗೋಡೆ ದೊಡ್ಡ ರಸ್ತೆಗೆ ತಾಗಿ, ಬಾಗಿಲು ಒಳಗಿನ ಓಣಿಗೆ ಇದ್ದರೆ? ಚುಕ್ಕಿ ನಡುವೆ ಇದ್ದಾಗ ಬರುವವರು ಹಿಂಗೋಡೆ ಮುಂದೆ ನಿಲ್ಲುತ್ತಾರೆ. ರೈಲ್ವೆ ಹಳಿ ಪಕ್ಕದ ಮನೆಗಳಲ್ಲಿ ಇದು ಇನ್ನೂ ಕಷ್ಟ. ಹಳಿಯ ಆಚೆ ಬಿದ್ದ ಚುಕ್ಕಿ ನೋಡಲು ಐವತ್ತು ಮೀಟರ್ ತಪ್ಪು, ಆದರೆ ಗಾಡಿ ರೈಲ್ವೆ ಗೇಟಿನವರೆಗೆ ಹೋಗಿ ಸುತ್ತು ಹಾಕಿ ಬರಬೇಕು. ತುರ್ತು ಇದ್ದಾಗ ಆ ಸುತ್ತು ಬಹಳ ದೊಡ್ಡದು.

ಆಯಿಯ ಸಾಲನ್ನೇ ತೆಗೆದುಕೊಳ್ಳೋಣ. ಅವರ ಮಗನಿಗೆ ಫೋನ್ ಮಾಡಿ, ನಕ್ಷೆ ಮುಂದಿಟ್ಟುಕೊಂಡು ಕೇಳುತ್ತಾ ಹೋದೆ. ಗುಡಿ ಕಡೆಯಿಂದ ಬಂದರೆ ಎಡಕ್ಕಾ ಬಲಕ್ಕಾ? ಎಷ್ಟನೇ ತಿರುವು? ಓಣಿಯೊಳಗೆ ಕಾರು ಬರುತ್ತದಾ? "ಕಾರು ಬರಂಗಿಲ್ರಿ, ಆಟೋ ಬರ್ತದ. ಗೇಟಿನ ಮುಂದ ಬೇವಿನ ಗಿಡ ಅದರಿ, ಅದೇ ಗುರ್ತು" ಅಂದರು. ಓಣಿ ನಕ್ಷೆಯಲ್ಲಿ ಇತ್ತು, ಮನೆ ಇರಲಿಲ್ಲ. ಇನ್ನೊಂದು ಕಿಟಕಿಯಲ್ಲಿ ಇಸ್ರೋದ ಭುವನ್ ತೆರೆದು ಉಪಗ್ರಹ ಚಿತ್ರ ನೋಡಿದೆ. ಓಣಿಯ ಕೊನೆಗೆ ದುಂಡಗೆ ಒಂದು ಹಸಿರು ಮಚ್ಚೆ. ಅಲ್ಲಿಗೆ ಚುಕ್ಕಿ ಎಳೆದು ಬಿಟ್ಟೆ. ಉಪಗ್ರಹ ಚಿತ್ರವೇ ಕೆಲವು ಮೀಟರ್ ಪಕ್ಕಕ್ಕೆ ಸರಿದಿರಬಹುದು. ಹಾಗಾಗಿ ಚಿತ್ರ ನೋಡಿ ಇಟ್ಟ ಚುಕ್ಕಿಯನ್ನು ಪಕ್ಕಾ ಅಂತ ಬರೆಯಬೇಡಿ.

ಪಕ್ಕಾ ಆಗುವುದು ಯಾರಾದರೂ ಗೇಟಿನ ಮುಂದೆ ನಿಂತಾಗ. ಮುಂದಿನ ಸಲ ಆ ಮನೆಗೆ ಹೋದವರು ಮೊಬೈಲ್‌ನಲ್ಲಿ ಲೊಕೇಶನ್ ಆನ್ ಮಾಡಿ, ಮ್ಯಾಪ್ ತೆರೆದು, ಆಕಾಶ ಕಾಣುವ ಹಾಗೆ ಹೊರಗೆ ಒಂದು ನಿಮಿಷ ನಿಲ್ಲಲಿ. ನೀಲಿ ವೃತ್ತ ಚಿಕ್ಕದಾದ ಮೇಲೆ ಆ ಜಾಗವನ್ನು ಒತ್ತಿ ಹಿಡಿದರೆ ಸಂಖ್ಯೆ ಬರುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ ಎತ್ತರದ ಗೋಡೆಗಳಿದ್ದರೆ ಸಂಖ್ಯೆ ಕುಣಿಯುತ್ತದೆ. ಆಗ ಎರಡು ಮೂರು ಸಲ ತೆಗೆದು ನೋಡಿ.

ಮನೆಯವರೇ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸಬಹುದು. ಆದರೆ ಕಳಿಸುವಾಗ ಎಲ್ಲಿದ್ದೀರಿ ಅಂತ ತಪ್ಪದೇ ಕೇಳಿ. ನಮ್ಮ ಪಟ್ಟಿಯಲ್ಲಿ ಒಂದು ಮನೆಯ ಚುಕ್ಕಿ ಬಹಳ ದಿನ ನೆಹರೂ ಗಂಜ್‌ನಲ್ಲಿತ್ತು. ಮಗ ಅಂಗಡಿಯಲ್ಲಿ ಕೂತು ಕಳಿಸಿದ್ದರು.

ಸರಿಪಡಿಸಿದ್ದನ್ನು ವಾಪಸ್ ತರುವುದು

ಪ್ರತಿ ಹತ್ತು ಚುಕ್ಕಿಗೆ ಒಮ್ಮೆ ಸೇವ್ ಮಾಡಿ. ಕರೆಂಟಿನ ಭರವಸೆ ಇಲ್ಲ. ಎಲ್ಲ ಮುಗಿದ ಮೇಲೆ ಡೌನ್‌ಲೋಡ್‌ನಲ್ಲಿ ಸಿಎಸ್‌ವಿ ಆರಿಸಿ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಯುಮ್ಯಾಪ್ ಕೊಡುವುದು ಆ ಹೊತ್ತಿಗೆ ಪರದೆಯ ಮೇಲೆ ಕಾಣುವ ಚುಕ್ಕಿಗಳನ್ನು ಮಾತ್ರ. ಒಂದು ಓಣಿಗೆ ಹತ್ತಿರ ಹೋಗಿ ನಿಂತಿದ್ದರೆ ಆ ಓಣಿಯ ನಾಲ್ಕು ಸಾಲು ಮಾತ್ರ ಬರುತ್ತವೆ. ಮೊದಲು ಇಡೀ ಜಿಲ್ಲೆ ಕಾಣುವ ಹಾಗೆ ದೂರ ಸರಿಸಿ, ಆಮೇಲೆ ಡೌನ್‌ಲೋಡ್ ಮಾಡಿ. ಬಂದ ಸಾಲುಗಳನ್ನು ಎಣಿಸಿ. ಹಾಕಿದ್ದು 63 ಇದ್ದರೆ ಬಂದದ್ದೂ 63 ಇರಬೇಕು.

ಈಗ ಕ್ರಮಸಂಖ್ಯೆ ನೋಡಿಕೊಂಡು ಹೊಸ ಅಕ್ಷಾಂಶ, ರೇಖಾಂಶಗಳನ್ನು ಮೂಲ ಪಟ್ಟಿಗೆ ಸೇರಿಸಿ. ಹಳೆಯ ಸಂಖ್ಯೆಯನ್ನು ಅಳಿಸಬೇಡಿ, ಪಕ್ಕದ ಕಾಲಮ್ಮಿನಲ್ಲಿ ಇರಲಿ. ಜತೆಗೆ ಮೂರು ಕಾಲಮ್ ಹೊಸದಾಗಿ ಮಾಡಿ: ಚುಕ್ಕಿ ಹೇಗೆ ಸಿಕ್ಕಿತು, ಯಾವ ದಿನ, ಗುರುತು ಏನು. "ಗೇಟಿನಲ್ಲಿ ನಿಂತು", "ಚಿತ್ರ ನೋಡಿ", "ಫೋನಿನಲ್ಲಿ ಕೇಳಿ", ಈ ಮೂರರಲ್ಲಿ ಒಂದು ಬರೆದರೆ ಸಾಕು. ಯಾವುದನ್ನು ನಂಬಬೇಕು, ಯಾವುದನ್ನು ಇನ್ನೊಮ್ಮೆ ನೋಡಬೇಕು ಅಂತ ಆರು ತಿಂಗಳ ನಂತರ ಪಟ್ಟಿ ಹಿಡಿದವರಿಗೂ ಗೊತ್ತಾಗುತ್ತದೆ.

ಬೇಕಾದರೆ ಅಂಚೆ ಇಲಾಖೆಯ ಡಿಜಿಪಿನ್ ಕೂಡ ಸೇರಿಸಬಹುದು. 2025ರ ಮೇ ತಿಂಗಳಲ್ಲಿ ಬಂದದ್ದು. ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೆ ಹತ್ತು ಅಕ್ಷರ-ಅಂಕೆಗಳ ಗುರುತು ಕೊಡುತ್ತದೆ. ಫೋನಿನಲ್ಲಿ ಓದಿ ಹೇಳಲು ಸುಲಭ. ಆದರೆ ಅದು ಹುಟ್ಟುವುದೇ ಅಕ್ಷಾಂಶ, ರೇಖಾಂಶದಿಂದ. ಚುಕ್ಕಿ ಕೆರೆಯಲ್ಲಿದ್ದರೆ ಡಿಜಿಪಿನ್ ಕೂಡ ಕೆರೆಯದ್ದೇ ಬರುತ್ತದೆ. ಮೊದಲು ಚುಕ್ಕಿ ಸರಿಮಾಡಿ.

ಕೊನೆಗೆ ಒಂದು ಪರೀಕ್ಷೆ. ಆ ಓಣಿಯನ್ನು ಎಂದೂ ನೋಡದ ಒಬ್ಬರ ಕೈಗೆ ಸಂಖ್ಯೆ ಮಾತ್ರ ಕೊಟ್ಟು ಕಳಿಸಿ. ಓಣಿ ಗೊತ್ತಿದ್ದವರು ತಪ್ಪು ಚುಕ್ಕಿ ಇದ್ದರೂ ಮನೆ ಮುಟ್ಟಿಬಿಡುತ್ತಾರೆ, ತಪ್ಪು ಹಾಗೇ ಉಳಿಯುತ್ತದೆ. ನಮ್ಮಲ್ಲಿ ಹೊಸದಾಗಿ ಸೇರಿದ, ಸುರಪುರದ ಕಡೆಯ ಒಬ್ಬ ಹುಡುಗನನ್ನು ಆಯಿಯ ಮನೆಗೆ ಕಳಿಸಿದೆವು. ಯಾರನ್ನೂ ಕೇಳಬೇಡ, ಫೋನ್ ಹೇಳಿದಲ್ಲಿ ನಿಲ್ಲು ಅಂತ ಹೇಳಿದ್ದೆ. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. "ಸರ್, ಬೇವಿನ ಗಿಡದ ಬುಡಕ್ಕ ನಿಂತೀನ್ರಿ. ಆಯಿ ಚಾ ಕುಡ್ದು ಹೋಗು ಅನ್ಲಾಕತ್ತಾರ."