ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಬೀದಿಯವರನ್ನು ಮಾತಿಗೆ ಕರೆಯುವ ಮುಂಚೆ

ಅಕ್ಕಪಕ್ಕದವರ ಜೊತೆ ಸಂವಾದ ಮಾಡೋಣ ಅಂದ ಕೂಡಲೇ ನಮ್ಮವರ ತಲೆಗೆ ಬರುವುದು ವೇದಿಕೆ. ದೀಪ, ಪ್ರಾರ್ಥನೆ, ಮುಖ್ಯ ಅತಿಥಿ, ಶಾಲು, ಹಾರ, ಕೊನೆಗೆ ವಂದನಾರ್ಪಣೆ. ಮೊದಮೊದಲು ನಾವೆಲ್ಲ ಮಾಡಿದ್ದು ಅದನ್ನೇ. ಬಂದವರು ಚಪ್ಪಾಳೆ ತಟ್ಟಿ, 'ಲವ್ಲಿ' ಅಂದು, ಸಮೋಸ ತಿಂದು ಹೋದರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಕೇಳೋಕೆ ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ! ಮೈಕ್ ಬಿಡಿ. ಐದಾರು ಜನರಿಗೆ ಒಂದು ಮೇಜು ಹಾಕಿ. ಪ್ರತಿ ಮೇಜಿಗೂ ಜಾಸ್ತಿ ಮಾತಾಡದ ಒಬ್ಬ ಕನ್ನಡಿಗರನ್ನು ಹುಡುಕಿ ಕೂರಿಸಿ, ಕಷ್ಟವೇ, ಆದರೂ ಹುಡುಕಿ.

ಹಾಲ್, ವಿಮೆ ಎಲ್ಲ ಕೌನ್ಸಿಲ್‌ನವರನ್ನೋ ಲೈಬ್ರರಿಯವರನ್ನೋ ಕೇಳಿ, ಹೇಳ್ತಾರೆ. ಕುರ್ಚಿ ಜೋಡಿಸಿ, ಆಮೇಲೆ ಗುಡಿಸುವ ಹೊತ್ತನ್ನೂ ಸೇರಿಸಿ ಬುಕ್ ಮಾಡಿ. ಜೂನ್ ಒಳ್ಳೆಯ ತಿಂಗಳು. 2016ರಲ್ಲಿ ಕೊಲೆಯಾದ ಸಂಸದೆ ಜೋ ಕಾಕ್ಸ್ ನೆನಪಿಗೆ 2017ರಿಂದ 'ಗ್ರೇಟ್ ಗೆಟ್ ಟುಗೆದರ್' ಅಂತ ಊರೂರಲ್ಲಿ ಜನ ಸೇರುತ್ತಾರೆ, ಅದರ ಜೊತೆಗೇ ಇಟ್ಟುಕೊಳ್ಳಬಹುದು. 4 ಗಂಟೆ ಅಂದರೆ ಅವರು 4ಕ್ಕೇ ಬರುತ್ತಾರೆ. ನಾವು ಆಗಿನ್ನೂ ಒಗ್ಗರಣೆ ಹಾಕುತ್ತಿರುತ್ತೇವೆ.

ಒಗ್ಗರಣೆ ಅಂದೆನಲ್ಲ, ಇದು ಮುಖ್ಯ. 'ವೆಜ್' ಅಂತ ಚೀಟಿ ಅಂಟಿಸಿದರೆ ಸಾಲದು. ಇಲ್ಲಿನ ಅಲರ್ಜಿ ಪಟ್ಟಿಯಲ್ಲಿ 14 ಪದಾರ್ಥಗಳಿವೆ, ಅದರಲ್ಲಿ ಸಾಸಿವೆಯೂ ಒಂದು. ಚಿತ್ರಾನ್ನದಲ್ಲಿ ಸಾಸಿವೆ, ಕಡಲೆಕಾಯಿ. ಗೋಡಂಬಿ ಉದುರಿಸಿದರೆ ಇನ್ನೊಂದು. ಇಂಗು ಹಾಕಿದ್ದರೆ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತೆ. ಪ್ರತಿ ಪಾತ್ರೆಯ ಮುಂದೆ ಬರೆದಿಡಿ. ಅದನ್ನು ಓದುತ್ತಾ 'ಇದೇನು?' ಅಂತ ಕೇಳುವವರಿಂದಲೇ ಎಷ್ಟೋ ಸಲ ಮಾತು ಶುರುವಾಗುತ್ತೆ.

ವಿಷಯ ಯಾವುದಿರಲಿ? 'ನಮ್ಮ ಸಂಸ್ಕೃತಿ' ಬೇಡ. ಕಸದ ಡಬ್ಬಿ, ಪಾರ್ಕಿಂಗ್, ಪಟಾಕಿ ಇಟ್ಟುಕೊಳ್ಳಿ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಇಲ್ಲಿ ಪಟಾಕಿ ಹೊಡೆಯುವಂತಿಲ್ಲ, ದೀಪಾವಳಿಯಂಥ ಕೆಲವು ರಾತ್ರಿ ಮಾತ್ರ 1 ಗಂಟೆವರೆಗೆ ಬಿಡುತ್ತಾರೆ. ನರಕ ಚತುರ್ದಶಿ ಅಂತ ಬೆಳಗಿನ ಜಾವ ಎಣ್ಣೆಸ್ನಾನ ಮಾಡಿ ಹೊರಗೆ ಬಂದು ಸರ ಹಚ್ಚಿದರೆ ಅದು ತಪ್ಪೇ. ಕಾನೂನು ಒಪ್ಪಿದ ಹೊತ್ತಲ್ಲೂ ಪಕ್ಕದ ಮನೆಯ ನಾಯಿ ಸೋಫಾ ಕೆಳಗೆ ನಡುಗುತ್ತಾ ಕೂತಿರುತ್ತೆ. ಅದನ್ನು ಅವರ ಬಾಯಿಂದ ಕೇಳಿದಾಗ ವಾದ ಮಾಡಬೇಡಿ. ನಮಗೂ ಹಬ್ಬ ಬೇಡವಾ ಅಂತ ಸಿಟ್ಟು ಬರುತ್ತೆ, ನನಗೂ ಬರುತ್ತೆ. 'ಮುಂಚೆಯೇ ಹೇಳ್ತೀವಿ, ಬೇಗ ಮುಗಿಸ್ತೀವಿ' ಅನ್ನಿ.

ಮಕ್ಕಳನ್ನು ಬರೀ ಡ್ಯಾನ್ಸ್ ಮಾಡಿಸೋಕೆ ಕರೆತರಬೇಡಿ. ಮೇಜಿನಲ್ಲಿ ಕೂರಿಸಿ. ಆ ನಾಯಿಯ ಹೆಸರು, ಆ ಮನೆಯವರ ಕಷ್ಟಸುಖ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಊರಲ್ಲಿ ಜಗಲಿ ಮೇಲೆ ಕೂತರೆ ಇಡೀ ಬೀದಿಯೇ ಮಾತಿಗೆ ಸಿಗುತ್ತಿತ್ತು, ಇಲ್ಲಿ ಅದಕ್ಕೆ ಹಾಲ್ ಬಾಡಿಗೆ ಕಟ್ಟಬೇಕು ಅನ್ನೋದು ನನಗೆ ಇವತ್ತಿಗೂ ಬೇಜಾರು. ಮಕ್ಕಳಿಗೆ ಆ ಬೇಜಾರಿಲ್ಲ. ಅವರಿಗೆ ಊರು ಅಂದರೆ ಇದೇ. ಅದು ಖುಷಿಯೋ ಸಂಕಟವೋ, ಹೇಳೋದು ಕಷ್ಟ.

ಆಮೇಲೆ ಅಕ್ಕಪಕ್ಕದವರು ನಮ್ಮನ್ನು ಚರ್ಚ್ ಹಾಲ್‌ನಲ್ಲಿ ಚಹಾಕ್ಕೋ ಪಾರ್ಕ್‌ನಲ್ಲಿ ಕಸ ಹೆಕ್ಕೋಕೋ ಕರೆಯುತ್ತಾರೆ. ಹೋಗಿ. ಕೈಯಲ್ಲಿ ಒಂದು ಬಿಸ್ಕೆಟ್ ಪೊಟ್ಟಣ ಇದ್ದರೆ ಸಾಕು.