ಮೂರನೇ ಸಾಲಿನಿಂದ ಶುರು ಮಾಡಿ

ಏಳು ಸೀಟಿನ ಗಾಡಿ ನೋಡಲು ಹೋದವರು ಮೊದಲು ಸ್ಟೇರಿಂಗ್ ಹಿಡಿದು ಕೂರುತ್ತಾರೆ. ನಾವೂ ಹಾಗೇ ಮಾಡಿದೆವು. ಆದರೆ ಮುಂದಿನ ಸೀಟು ಯಾವ ಗಾಡಿಯಲ್ಲೂ ಚೆನ್ನಾಗೇ ಇರುತ್ತದೆ, ಅಲ್ವಾ? ನೆಲದಿಂದ ಎತ್ತರಕ್ಕಿರುವ ಎಸ್‌ಯುವಿಗೂ, ತಗ್ಗು ನೆಲದ, ಪಕ್ಕಕ್ಕೆ ಜಾರುವ ಬಾಗಿಲಿನ ಮಿನಿವ್ಯಾನಿಗೂ ಇರುವ ಅಸಲಿ ವ್ಯತ್ಯಾಸ ಗೊತ್ತಾಗುವುದು ಕೊನೇ ಸಾಲಿನಲ್ಲಿ. ನೀವು ಅಲ್ಲಿಂದಲೇ ಶುರು ಮಾಡಿ.

ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ. ಜೊತೆಗೆ ಒಂದು ಅಳತೆ ಟೇಪು, ಊರಿಗೆ ಹೊರಡುವಾಗ ಒಯ್ಯುವ ದೊಡ್ಡ ಸೂಟ್‌ಕೇಸು, ಚಿಕ್ಕ ಮಕ್ಕಳಿದ್ದರೆ ಅವರ ಸೀಟು.

ಮೊದಲು ಗಾಡಿ ಓಡಿಸುವವರು ತಮಗೆ ಬೇಕಾದಷ್ಟು ಸೀಟು ಸರಿಸಿಕೊಳ್ಳಲಿ. ಅವರ ಹಿಂದೆ ಎರಡನೇ ಸಾಲಿನವರು ಕಾಲು ಚಾಚಿ ಆರಾಮಾಗಿ ಕೂರಲಿ. ಆಮೇಲೆ ಮೂರನೇ ಸಾಲಿಗೆ ಹತ್ತಿ. ಈ ಕ್ರಮ ತಪ್ಪಿಸಬೇಡಿ. ಮಧ್ಯದ ಸೀಟು ಹಿಂದೆ ಮುಂದೆ ಜರುಗುವಂಥದ್ದಾದರೆ, ಅದನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟಾಗ ಹಿಂದೆ ಬೇಕಾದಷ್ಟು ಜಾಗ ಕಾಣುತ್ತದೆ. ಆಗ ಮಧ್ಯದವರ ಮಂಡಿ ಎಲ್ಲಿಗೆ ಹೋಗಬೇಕು?

ಈಗ ನಿಮ್ಮ ತೊಡೆ ನೋಡಿಕೊಳ್ಳಿ. ಅದು ಸೀಟಿನ ಮೇಲೆ ಪೂರ್ತಿ ಊರಿದೆಯಾ, ಇಲ್ಲಾ ಮಂಡಿ ಎದೆಯ ಕಡೆಗೆ ಎದ್ದಿದೆಯಾ? ತುಂಬಾ ಜನ ಮಂಡಿ ಮುಂದಿನ ಜಾಗ ಮಾತ್ರ ನೋಡುತ್ತಾರೆ. ನನ್ನ ಪ್ರಕಾರ ನೆಲದಿಂದ ಸೀಟಿನ ಎತ್ತರ ಅದಕ್ಕಿಂತ ಮುಖ್ಯ. ಎಸ್‌ಯುವಿಯ ಮೈ ನೆಲದಿಂದ ಮೇಲಿರುತ್ತದೆ. ಹಿಂದಿನ ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಾದರೆ ಆ ಯಂತ್ರಭಾಗಗಳೂ ಅಡಿಯಲ್ಲೇ ಕೂರಬೇಕು. ಹಾಗಾಗಿ ಒಳಗಿನ ನೆಲ ಮೇಲೇರುತ್ತದೆ, ಚಾವಣಿ ಮಾತ್ರ ಅಲ್ಲೇ ಇರುತ್ತದೆ, ನಡುವೆ ಸೀಟು ಕುಳ್ಳಾಗುತ್ತದೆ. ಮಿನಿವ್ಯಾನುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು, ನೆಲ ತಗ್ಗಾಗಿರುತ್ತದೆ. ನಾನು ಟೇಪು ಹಿಡಿದ ಒಂದು ಎಸ್‌ಯುವಿಯಲ್ಲಿ ಹಿಂದಿನ ಸೀಟಿನ ಅಂಚು ನೆಲದಿಂದ 27 ಸೆಂಟಿಮೀಟರ್ ಮೇಲಿತ್ತು, ಮಿನಿವ್ಯಾನಿನಲ್ಲಿ 36. ಮೊದಲನೆಯದರಲ್ಲಿ ಹತ್ತು ನಿಮಿಷಕ್ಕೇ ನನ್ನ ಸೊಂಟ ಹಿಡಿದುಕೊಂಡಿತು.

ಹತ್ತಿ ಇಳಿಯುವುದನ್ನೂ ಸುಮ್ನೆ ನೋಡುತ್ತಾ ನಿಲ್ಲಿ. ನನ್ನ ಅತ್ತೆಗೆ ಮಂಡಿ ನೋವು. ಎಸ್‌ಯುವಿಯ ಹತ್ತಿರ ನಿಂತು ಮೊದಲು ಹಿಡಿಕೆ ಹುಡುಕಿದರು. ಎಡಗಾಲು ಮೇಲಿಟ್ಟರು, ಬಲಗಾಲು ಎತ್ತುವಾಗ ಸೀರೆಯ ನೆರಿಗೆ ಸೀಟಿನ ಕಂಬಿಗೆ ಸಿಕ್ಕಿತು. ಏನೂ ಮಾತಾಡದೆ ಇಳಿದುಬಿಟ್ಟರು. ಮಿನಿವ್ಯಾನಿನಲ್ಲಿ ಬಾಗಿಲು ಪಕ್ಕಕ್ಕೆ ಜಾರಿತು, ಅವರು ಮೊದಲು ಕೂತು ಆಮೇಲೆ ಕಾಲು ಒಳಗೆ ಎಳೆದುಕೊಂಡರು. ಆ ಬಾಗಿಲು ಹೊರಕ್ಕೆ ಚಾಚುವುದಿಲ್ಲವಾದ್ದರಿಂದ ಇಕ್ಕಟ್ಟಿನಲ್ಲಿ ನಿಲ್ಲಿಸಿದಾಗ ಮಕ್ಕಳು ಪಕ್ಕದ ಕಾರಿಗೆ ಬಡಿಯುವ ಭಯವೂ ಇಲ್ಲ.

ಮಕ್ಕಳ ಸೀಟನ್ನು ಮಧ್ಯದ ಸಾಲಿಗೆ ನಿಜಕ್ಕೂ ಬಿಗಿದು ನೋಡಿ. ಅದು ಕೂತ ಮೇಲೆ ಎಷ್ಟೋ ಗಾಡಿಗಳಲ್ಲಿ ಮಧ್ಯದ ಸಾಲಿನ ಸೀಟು ಮುಂದಕ್ಕೆ ಮಡಚುವುದಿಲ್ಲ, ಹಿಂದೆ ಹೋಗುವ ದಾರಿಯೇ ಬಂದ್. ಮಧ್ಯದಲ್ಲಿ ಎರಡು ಬಿಡಿ ಸೀಟಿದ್ದರೆ ನಡುವಿನ ಓಣಿಯಿಂದ ನುಸುಳಬಹುದು.

ಇನ್ನು ಡಿಕ್ಕಿ. ಮೂರೂ ಸಾಲು ನೆಟ್ಟಗಿರುವಾಗ ಎಷ್ಟು ಹಿಡಿಯುತ್ತದೆ ಅನ್ನುವುದಷ್ಟೇ ಲೆಕ್ಕ. ಟೊಯೋಟಾದವರದೇ ಎರಡು ಗಾಡಿ ತಗೊಳ್ಳಿ: ಹೈಲ್ಯಾಂಡರ್ ಎಸ್‌ಯುವಿಯಲ್ಲಿ ಮೂರನೇ ಸಾಲಿನ ಹಿಂದೆ 16 ಘನ ಅಡಿ, ಸಿಯೆನ್ನಾ ಮಿನಿವ್ಯಾನಿನಲ್ಲಿ 33.5. ಎರಡು ಪಟ್ಟಿಗೂ ಜಾಸ್ತಿ! ಮಿನಿವ್ಯಾನಿನ ಹಿಂದೆ ಆಳದ ಗುಂಡಿ ಇರುವುದೇ ಇದಕ್ಕೆ ಕಾರಣ. ಸೀಟು ಬೇಡದಾಗ ಅದೇ ಗುಂಡಿಯೊಳಗೆ ಮಡಚಿಕೊಳ್ಳುತ್ತದೆ. ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಮಾತ್ರ ನೇರವಾಗಿ ಹೋಲಿಸಬೇಡಿ, ಒಬ್ಬರು ಸೀಟಿನ ಬೆನ್ನಿನ ಎತ್ತರಕ್ಕೆ ಅಳೆದರೆ ಇನ್ನೊಬ್ಬರು ಚಾವಣಿವರೆಗೆ ಅಳೆದಿರುತ್ತಾರೆ. ನಿಮ್ಮ ಸೂಟ್‌ಕೇಸು ಇಟ್ಟು ಬಾಗಿಲು ಹಾಕಿ ನೋಡಿ, ಅಷ್ಟು ಸಾಕು.

ಎಸ್‌ಯುವಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಲ್ಲು, ಕೆಸರು, ಹಿಮದ ದಾರಿ ನಿಮ್ಮದಾದರೆ, ಹಿಂದಿನ ಸಾಲಿಗೆ ವರ್ಷಕ್ಕೆರಡು ಸಲ ಮಕ್ಕಳು ಮಾತ್ರ ಕೂರುವುದಾದರೆ, ಅದೇ ಸರಿ. ವಾರಕ್ಕೆ ನಾಲ್ಕು ದಿನ ದೊಡ್ಡವರೇ ಅಲ್ಲಿ ಕೂರಬೇಕು ಅಂದರೆ ಮಾತ್ರ ನಾನು ಮಿನಿವ್ಯಾನ್ ಅನ್ನುತ್ತೇನೆ.

ಟೆಸ್ಟ್ ಡ್ರೈವ್‌ಗೆ ಹೊರಟಾಗ ಒಬ್ಬರಾದರೂ ಹಿಂದೆ ಕೂರಿ, ಅರ್ಧ ಗಂಟೆಯಾದರೂ. ಹಂಪ್ ದಾಟುವಾಗ ತಲೆ ಚಾವಣಿಗೆ ತಾಗುತ್ತದಾ, ಎಸಿ ಗಾಳಿ ಅಲ್ಲಿಗೆ ಬರುತ್ತದಾ, ಕಿಟಕಿಯಿಂದ ಹೊರಗೆ ಕಾಣುತ್ತದಾ ನೋಡಿ. ಹೊರಗೆ ಕಾಣದಿದ್ದರೆ ನನ್ನ ಮಗನಿಗೆ ಹೊಟ್ಟೆ ತೊಳಸುತ್ತದೆ. ಕೊನೆಗೆ ಅಲ್ಲಿಂದಲೇ, ದನಿ ಏರಿಸದೆ, ಗಾಡಿ ಓಡಿಸುವವರನ್ನು ಏನಾದರೂ ಕೇಳಿ. ನಮ್ಮ ಅತ್ತೆ ಕೇಳಿದ್ದು, "ಗಂಟೆ ಎಷ್ಟಾಯ್ತಪ್ಪ?" ಮಿನಿವ್ಯಾನಿನಲ್ಲಿ ನನ್ನ ಗಂಡನಿಗೆ ಅದು ಒಂದೇ ಸಲಕ್ಕೆ ಕೇಳಿಸಿತು.