ಈ ಗೆರೆ ಎಲ್ಲಿಂದ ಬಂತು? ಷೇರು ಚಾರ್ಟ್‌ಗೆ ಇಂಡಿಕೇಟರ್ ಹಾಕುವ ಬಗೆ

ಇಂಡಿಕೇಟರ್ ಎಂದರೆ ಷೇರಿನ ದರಗಳಿಂದ ಲೆಕ್ಕ ಹಾಕಿ ಎಳೆಯುವ ಗೆರೆ. ಚಾರ್ಟ್ ತೆರೆದು, ಇಂಡಿಕೇಟರ್ ಪಟ್ಟಿಯಿಂದ ಒಂದು ಹೆಸರು ಆರಿಸಿದರೆ ಸಾಕು, ಪರದೆಯ ಮೇಲೆ ಗೆರೆ ಮೂಡುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಆ ಗೆರೆ ಯಾವ ದರದಿಂದ, ಎಷ್ಟು ಕ್ಯಾಂಡಲ್‌ಗಳ (ಒಂದೊಂದು ಅವಧಿಯ ದರದ ಏರಿಳಿತ ತೋರಿಸುವ ಕಂಬಗಳ) ಲೆಕ್ಕದಿಂದ ಬಂತು ಎಂಬುದು ಗೊತ್ತಿಲ್ಲದೆ ಅದನ್ನು ನಂಬಿ ದುಡ್ಡು ಹಾಕಬಾರದು. ಸಾಫ್ಟ್‌ವೇರ್ ಬದಲಾದರೆ ಬಟನ್‌ಗಳ ಜಾಗ ಬದಲಾಗಬಹುದು. ಮಾಡುವ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಚಾರ್ಟ್ ಸರಿಯಿರಲಿ

ಕ್ಯಾಂಡಲ್ ಚಾರ್ಟ್ ಆರಿಸಿ, ಅವಧಿಯನ್ನು ‘ದಿನ’ಕ್ಕೆ ಇಡಿ. ಇಂಡಿಕೇಟರ್ ಎಣಿಸುವುದು ಕ್ಯಾಂಡಲ್‌ಗಳನ್ನು, ದಿನಗಳನ್ನಲ್ಲ. ದಿನದ ಚಾರ್ಟ್‌ನಲ್ಲಿ 14 ಎಂದರೆ 14 ವಹಿವಾಟು ದಿನ. 5 ನಿಮಿಷದ ಚಾರ್ಟ್‌ನಲ್ಲಿ ಅದೇ 14 ಬರೀ 70 ನಿಮಿಷ. ಅವಧಿ ಬದಲಿಸಿದ ಕೂಡಲೇ ಗೆರೆಯ ಅರ್ಥವೇ ಬದಲಾಗುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಷೇರು ವಿಭಜನೆ ಮತ್ತು ಬೋನಸ್‌ಗೆ ಹಳೆಯ ದರಗಳನ್ನು ಹೊಂದಿಸುವ ಆಯ್ಕೆ ಚಾಲೂ ಇದೆಯೇ ನೋಡಿ. ಒಂದು ಷೇರು ಎರಡಾದ ದಿನ ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹೂಡಿಕೆದಾರನಿಗೆ ನಷ್ಟವೇನೂ ಆಗಿರುವುದಿಲ್ಲ. ಹೊಂದಿಸದ ಚಾರ್ಟ್‌ನಲ್ಲಿ ಮಾತ್ರ ಅಲ್ಲೊಂದು ಪ್ರಪಾತ ಕಾಣುತ್ತದೆ. ಆರಂಭದ ದಿನಗಳಲ್ಲಿ ಇಂಥದೊಂದು ಚಾರ್ಟ್ ನೋಡಿ, 200 ದಿನದ ಸರಾಸರಿ ದರಕ್ಕಿಂತ ಅಷ್ಟು ಮೇಲಿದೆಯಲ್ಲ, ಷೇರು ಕುಸಿದೇ ಹೋಯಿತು ಎಂದು ನಾನು ನಂಬಿದ್ದೆ. ಹಳೆಯ ದರಗಳು ಆ ಲೆಕ್ಕದಿಂದ ಪೂರ್ತಿ ಹೊರಬೀಳಲು 200 ದಿನವೇ ಬೇಕು.

ಮೂವಿಂಗ್ ಆವರೇಜ್: ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ

ಪಟ್ಟಿಯಿಂದ ಸಿಂಪಲ್ ಮೂವಿಂಗ್ ಆವರೇಜ್ ಆರಿಸಿ, ಅವಧಿ (ಇಲ್ಲಿ ಎಣಿಸಬೇಕಾದ ಕ್ಯಾಂಡಲ್‌ಗಳ ಸಂಖ್ಯೆ) 5, ಆಧಾರ ‘ಕ್ಲೋಸ್’, ಅಂದರೆ ಮುಕ್ತಾಯ ದರ, ಎಂದು ಕೊಡಿ. ಐದು ದಿನದ ಮುಕ್ತಾಯ ದರ 102, 104, 103, 107, 109 ಎಂದುಕೊಳ್ಳಿ. ಕೂಡಿದರೆ 525, ಐದರಿಂದ ಭಾಗಿಸಿದರೆ 105. ಮರುದಿನ ದರ 112ಕ್ಕೆ ಮುಗಿದರೆ ಹಳೆಯ 102 ಹೊರಗೆ, 112 ಒಳಗೆ, ಸರಾಸರಿ 107. ಕ್ಯಾಂಡಲ್ ಮೇಲೆ ಮೌಸ್ ಇಟ್ಟರೆ ಮೂಲೆಯಲ್ಲಿ ಇಂಡಿಕೇಟರ್‌ನ ಅಂಕಿ ಕಾಣುತ್ತದೆ. ನಿಮ್ಮ ಷೇರಿನ ದರಗಳನ್ನು ಹೀಗೇ ಕೂಡಿ, ಆ ಅಂಕಿಗೆ ತಾಳೆ ನೋಡಿ. ಈ ಒಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ತಾಳೆಯಾಗದಿದ್ದರೆ ಆಧಾರದ ಜಾಗದಲ್ಲಿ ಕ್ಲೋಸ್ ಬದಲು ಓಪನ್ ಇರಬಹುದು, ಅಥವಾ ಸಿಂಪಲ್ ಬದಲು ಎಕ್ಸ್‌ಪೊನೆನ್ಷಿಯಲ್ ಆವರೇಜ್ ಬಂದಿರಬಹುದು.

ಎಕ್ಸ್‌ಪೊನೆನ್ಷಿಯಲ್‌ನಲ್ಲಿ ಹೊಸ ದರಕ್ಕೆ ತೂಕ ಹೆಚ್ಚು. ಆ ತೂಕ ತಿಳಿಯಲು ಅವಧಿಗೆ 1 ಕೂಡಿ, ಬಂದದ್ದರಿಂದ 2ನ್ನು ಭಾಗಿಸಿ. ಅವಧಿ 5 ಇದ್ದರೆ ಆರರಲ್ಲಿ ಎರಡು, ಅಂದರೆ ಮೂರರಲ್ಲೊಂದು ಪಾಲು. ನಿನ್ನೆಯ ಅಂಕಿ 105, ಇಂದಿನ ದರ 112 ಆದರೆ ವ್ಯತ್ಯಾಸ 7; ಅದರ ಮೂರನೇ ಒಂದು ಪಾಲು ಸೇರಿ ಹೊಸ ಅಂಕಿ 107.33.

ಕೈಗೆ ಹಿಡಿದ ಮೇಲೆ 5ನ್ನು ಅಳಿಸಿ 50, 200 ಹಾಕಿ. 200ರ ಗೆರೆ 200ನೇ ಕ್ಯಾಂಡಲ್‌ನಿಂದಷ್ಟೇ ಶುರುವಾಗುತ್ತದೆ. ಹೊಸದಾಗಿ ಪಟ್ಟಿಯಾದ ಷೇರಿನಲ್ಲಿ ಅದು ಕಾಣದಿದ್ದರೆ ಸಾಫ್ಟ್‌ವೇರ್ ಕೆಟ್ಟಿಲ್ಲ.

ಆರ್‌ಎಸ್‌ಐಗೆ ಬೇರೆ ಜಾಗ ಬೇಕು

ಮೂವಿಂಗ್ ಆವರೇಜ್ ದರದ ಮೇಲೇ ಕೂರುತ್ತದೆ. ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಹಾಗಲ್ಲ, ಅದು ದರದ ಏರಿಕೆಯನ್ನು ಇಳಿಕೆಯೊಂದಿಗೆ ಹೋಲಿಸಿ 0ಯಿಂದ 100ರೊಳಗೆ ಓಡಾಡುವ ಅಂಕಿ. ದರ 2,000 ಇರುವ ಚಾರ್ಟ್‌ನ ಮೇಲೇ ಅದನ್ನು ಅದೇ ಅಳತೆಯಲ್ಲಿ ಹೇರಿದರೆ ಗೆರೆ ತಳಕ್ಕೆ ಅಂಟಿಕೊಂಡು ಏನೂ ಕಾಣುವುದಿಲ್ಲ, ಕ್ಯಾಂಡಲ್‌ಗಳೂ ಮೇಲೆ ಮುದುಡಿಕೊಳ್ಳುತ್ತವೆ. ‘ಹೊಸ ಪೇನ್’ (ಚಾರ್ಟ್‌ನ ಕೆಳಗಿನ ಪ್ರತ್ಯೇಕ ಚೌಕಟ್ಟು) ಆರಿಸಿ ಕೆಳಗಡೆ ಇಡಿ.

ಆರ್‌ಎಸ್‌ಐ ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ ಇದನ್ನು ಪ್ರಕಟಿಸಿದಾಗ ಕೊಟ್ಟ ಅವಧಿ 14, ಗಡಿಗಳು 70 ಮತ್ತು 30: 70ರ ಮೇಲೆ ಹೋದರೆ ಖರೀದಿ ಅತಿಯಾಗಿದೆ, 30ರ ಕೆಳಗೆ ಇಳಿದರೆ ಮಾರಾಟ ಅತಿಯಾಗಿದೆ ಎಂಬ ಸೂಚನೆ. ಏರಿಕೆಗಳ ಸರಾಸರಿ 1.5, ಇಳಿಕೆಗಳ ಸರಾಸರಿ 0.5 ಇದ್ದರೆ ಅನುಪಾತ 3. ಅದಕ್ಕೆ 1 ಕೂಡಿ, 100ನ್ನು ಆ 4ರಿಂದ ಭಾಗಿಸಿದರೆ 25. 100ರಿಂದ 25 ಕಳೆದರೆ ಆರ್‌ಎಸ್‌ಐ 75. 70ರ ಗಡಿ ದಾಟಿತು ಎಂದು ಕೂಡಲೇ ಮಾರಬೇಕಿಲ್ಲ. ಬಲವಾದ ಏರುಹಾದಿಯಲ್ಲಿ ಅದು ವಾರಗಟ್ಟಲೆ 70ರ ಆಸುಪಾಸಿನಲ್ಲೇ ಇರಬಲ್ಲದು.

ಎರಡು ಸಾಫ್ಟ್‌ವೇರ್‌ನಲ್ಲಿ ಒಂದೇ ಷೇರಿನ ಆರ್‌ಎಸ್‌ಐ ಬೇರೆಬೇರೆ ಬಂದರೆ ಹಿಂದಿನ ದರಗಳು ಎಷ್ಟು ಲೋಡ್ ಆಗಿವೆ ನೋಡಿ. ವೈಲ್ಡರ್ ಲೆಕ್ಕದಲ್ಲಿ ಪ್ರತಿದಿನದ ಸರಾಸರಿಗೆ ಹಿಂದಿನ ದಿನದ ಸರಾಸರಿಯೇ ತಳಹದಿ. ಒಂದು ಕಡೆ 20 ದಿನದ ಡೇಟಾ, ಇನ್ನೊಂದು ಕಡೆ ಎರಡು ವರ್ಷದ್ದಿದ್ದರೆ ಉತ್ತರ ಬೇರೆಯಾಗುವುದು ಸಹಜ.

ಎರಡು ಎಕ್ಸ್‌ಪೊನೆನ್ಷಿಯಲ್ ಆವರೇಜ್‌ಗಳ ವ್ಯತ್ಯಾಸ ತೋರಿಸುವ ಮ್ಯಾಕ್‌ಡಿಯನ್ನೂ ಹೀಗೆ ಕೆಳಗಿನ ಪೇನ್‌ಗೆ ಹಾಕಿ. ವಾಡಿಕೆಯ ಅಂಕಿಗಳು 12, 26 (ಆ ಎರಡು ಆವರೇಜ್‌ಗಳ ಅವಧಿ), 9 (ಆ ವ್ಯತ್ಯಾಸದ ಸರಾಸರಿಯ ಅವಧಿ). ಸರಾಸರಿಯ ಮೇಲೆ-ಕೆಳಗೆ ಗೆರೆ ಎಳೆಯುವ ಬೋಲಿಂಜರ್ ಬ್ಯಾಂಡ್ ದರದ ಮೇಲೆ ಇರಲಿ, ಅವಧಿ 20, ವಿಚಲನೆ (ದರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2. ಇವಿಷ್ಟಕ್ಕಿಂತ ಹೆಚ್ಚು ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ. ಇವೆಲ್ಲವೂ ಅದೇ ಮುಕ್ತಾಯ ದರವನ್ನೇ ಉಂಡು ಬೆಳೆದವು, ಮೂರು ಗೆರೆ ಒಂದೇ ಮಾತು ಹೇಳಿದರೆ ಅದು ಮೂರು ಸಾಕ್ಷಿಯಲ್ಲ.

ಕೊನೆಯ ಕ್ಯಾಂಡಲ್

ಮಾರುಕಟ್ಟೆ ನಡೆಯುತ್ತಿರುವಾಗ ಬಲತುದಿಯ ಕ್ಯಾಂಡಲ್ ಇನ್ನೂ ಮುಗಿದಿರುವುದಿಲ್ಲ. ಆ ಹೊತ್ತಿನ ದರವನ್ನೇ ಮುಕ್ತಾಯ ಎಂದು ಹಿಡಿದು ಲೆಕ್ಕ ನಡೆಯುವುದರಿಂದ, ಮಧ್ಯಾಹ್ನ ಒಂದನ್ನೊಂದು ದಾಟಿದ ಎರಡು ಗೆರೆ ಸಂಜೆಗೆ ದಾಟದೆಯೇ ಉಳಿಯಬಹುದು. ದಿನದ ಚಾರ್ಟ್ ನೋಡುವವರು ವಹಿವಾಟು ಮುಗಿದ ಮೇಲೆ ನೋಡಿದರೆ ಸಾಕು. ಎಲ್ಲ ತಾಳೆಯಾದ ಮೇಲೆ ಈ ಜೋಡಣೆಯನ್ನು ಟೆಂಪ್ಲೇಟ್ ಆಗಿ ಉಳಿಸಿ. ಹೆಸರಿನಲ್ಲೇ ‘ದಿನ-50-200-ಆರ್‌ಎಸ್‌ಐ14’ ಎಂದು ಬರೆದಿಟ್ಟರೆ ಆರು ತಿಂಗಳ ನಂತರ ತೆರೆದಾಗಲೂ ಯಾವ ಗೆರೆ ಯಾವುದು ಎಂದು ಹುಡುಕಬೇಕಾಗುವುದಿಲ್ಲ.